ಯಾರೂ ಖರ್ಚು ಮಾಡದ ಪದ

ನಮ್ಮೂರಿನಲ್ಲಿ ಒಂದು ಪದವನ್ನು ದಿನಕ್ಕೆ ಒಂದೇ ಸಲ ಹುಡುಕಬಹುದು. ಬೆಳಿಗ್ಗೆ ಯಾರಾದರೂ ಹುಡುಕುಮನೆಗೆ ಬಂದು ‘ಜ್ವರ’ ಎಂದು ಹಾಕಿಸಿಕೊಂಡು ಹೋದರೆ ಮುಗಿಯಿತು; ಮಾರನೆಯ ದಿನ ಹೊತ್ತು ಮೂಡುವ ತನಕ ಆ ಪದ ಅಲ್ಲಿರುವ ನಾಲ್ಕು ಕಂಪ್ಯೂಟರುಗಳಲ್ಲಿ ಯಾವುದರಲ್ಲೂ ಮೂಡುವುದಿಲ್ಲ. ಕೀಲಿ ಒತ್ತಿದರೆ ಖಾಲಿ ಜಾಗ ಬೀಳುತ್ತದೆ, ಅಷ್ಟೇ. ಆದರೆ ‘ಜ್ವರಕ್ಕೆ’ ಎಂದು ಹಾಕಬಹುದು. ಪ್ರತ್ಯಯ ಬೇರೆಯಾದರೆ ಪದ ಬೇರೆ. ಅದೂ ಹೋದರೆ ‘ಜ್ವರದಿಂದ’, ಅದೂ ಹೋದರೆ ‘ಜ್ವರದಲ್ಲಿ’. ಹಾಗಾಗಿ ನಮ್ಮಲ್ಲಿ ಸೊಪ್ಪು ಮಾರುವವರಿಗೂ ವಿಭಕ್ತಿಗಳು ಬಾಯಿಪಾಠ. ಮಳೆಗಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಜ್ವರದ ಎಲ್ಲ ವಿಭಕ್ತಿಗಳೂ ಖರ್ಚಾಗಿ, ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು ಪಡಸಾಲೆಯ ಕರಿಹಲಗೆಯ ಮುಂದೆ ನಿಂತು ‘ತಾಪ’ ಉಳಿದಿದೆಯೇ, ‘ಮೈಬಿಸಿ’ ಉಳಿದಿದೆಯೇ ಎಂದು ನೋಡುತ್ತಾರೆ. ಅವತ್ತು ಮುಗಿದ ಪದಗಳನ್ನೆಲ್ಲ ಆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ.

ಹುಡುಕುಮನೆ ಬಿಟ್ಟರೆ ಊರಿನಲ್ಲಿ ಬೇರೆಲ್ಲೂ ಹುಡುಕಲು ಬರುವುದಿಲ್ಲ. ಫೋನುಗಳಿರುವುದು ಮಾತನಾಡುವುದಕ್ಕೆ. ಜನ ಇದಕ್ಕೆ ಎಂದೋ ಹೊಂದಿಕೊಂಡಿದ್ದಾರೆ. ಮಗಳಿಗೆ ಸಂಬಂಧ ನೋಡುತ್ತಿರುವವರು ಅಕ್ಕಪಕ್ಕದ ಮನೆಗೆ ಹೋಗಿ, “ನಾಳೆ ‘ವರ’ ನಮಗೆ ಬಿಡ್ರಿ, ನೀವು ಬೇಕಾದ್ರೆ ‘ಗಂಡು’ ತಗೊಳ್ರಿ” ಎಂದು ಕೇಳಿಕೊಳ್ಳುತ್ತಾರೆ. ಬಿತ್ತನೆಯ ಕಾಲದಲ್ಲಿ ‘ಮಳೆ’ ಎಂಬ ಪದವನ್ನು ರೈತರ ಹೊರತು ಬೇರೆಯವರು ಮುಟ್ಟುವುದಿಲ್ಲ. ಒಮ್ಮೆ ಒಬ್ಬ ಆ ಪದವನ್ನು ಒಂದು ಒಗಟು ಬಿಡಿಸಲು ಖರ್ಚು ಮಾಡಿದನೆಂದು ಎಂಟು ದಿನ ಅವನಿಗೆ ಯಾರೂ ಕ್ಷೌರ ಮಾಡಲಿಲ್ಲ. ಪದ ತಿಂದೋನು ಎನ್ನುವುದು ನಮ್ಮಲ್ಲಿ ಸಣ್ಣ ಬೈಗುಳವಲ್ಲ.

ನಾನು ಹುಡುಕುಮನೆಯ ಮೂರನೆಯ ಕಿಟಕಿಯಲ್ಲಿ ಕೂರುವವಳು, ಕೊಟ್ರಮ್ಮ. ಬಂದವರ ಪ್ರಶ್ನೆ ಕೇಳಿ, ಹಲಗೆ ನೋಡಿ, ಉಳಿದಿರುವ ಪದಗಳಲ್ಲಿ ಎಂಟನ್ನು ಆರಿಸಿ ಜೋಡಿಸಿ ಕೊಡುವುದು ನನ್ನ ಕೆಲಸ. ಎಂಟಕ್ಕಿಂತ ಹೆಚ್ಚು ಪದ ಪರದೆಯ ಮೇಲಿನ ಹುಡುಕುವ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಒಬ್ಬರಿಗೆ ಒಂದು ಪ್ರಶ್ನೆಗೆ ಮೂರು ಸರದಿ. ಮೂರನೆಯದರಲ್ಲೂ ಸಿಗದಿದ್ದರೆ ಆ ಪ್ರಶ್ನೆಯ ಚೀಟಿಯ ಮೇಲೆ ‘ಮುಚ್ಚಿದೆ’ ಎಂದು ಮೊಹರು ಬೀಳುತ್ತದೆ, ಮತ್ತೆ ಅದನ್ನು ಯಾವ ಕಿಟಕಿಯಲ್ಲೂ ತೆಗೆದುಕೊಳ್ಳುವುದಿಲ್ಲ. ಸಾಲು ಉದ್ದ ಇರುವುದರಿಂದ ಬೇರೆ ದಾರಿ ಇಲ್ಲ. ನನ್ನ ಕೈಯಿಂದ ಮೊಹರು ಬಿದ್ದ ಚೀಟಿಗಳನ್ನು ನಾನು ಮರೆಯುವುದಿಲ್ಲ. ಊಟಕ್ಕೆ ಕುಳಿತಾಗ ನೆನಪಾಗುತ್ತವೆ. ಆ ಪದದ ಬದಲು ಈ ಪದ ಹಾಕಿದ್ದರೆ ಸಿಗುತ್ತಿತ್ತೇನೋ ಎಂದು ಅನ್ನ ಆರುವ ತನಕ ಯೋಚಿಸುತ್ತೇನೆ.

ನಮ್ಮಪ್ಪ ಮಂಡಿಯಲ್ಲಿ ಹಮಾಲಿಯಾಗಿದ್ದ. ಮನೆಯಲ್ಲಿ ನಾವೆಲ್ಲ ‘ಅಮಾಲಿ’ ಎನ್ನುತ್ತಿದ್ದೆವು. ನಮ್ಮ ಓಣಿಯಲ್ಲಿ ಹಕಾರ ಎನ್ನುವುದೇ ಇರಲಿಲ್ಲ. ಹಾಲು ಆಲು, ಹುಲಿ ಉಲಿ, ಹೆಸರು ಎಸರು. ಹೊಲಕ್ಕೆ ನಾವು ‘ವಲ’ ಎನ್ನುತ್ತಿದ್ದೆವು. ಹಗಲು ಊದುಬತ್ತಿ ಹೊಸೆದು ಸಂಜೆ ಕಾಲೇಜಿಗೆ ಸೇರಿದಾಗ ಮೊದಲ ದಿನವೇ ಜಯತೀರ್ಥ ಮೇಷ್ಟ್ರು ಹೆಸರು ಕೇಳಿದರು. “ನನ್ನ ಎಸರು ಕೊಟ್ರಮ್ಮ ಸಾರ್” ಎಂದೆ. “ಎಸರು ಒಲೆ ಮೇಲಿರುತ್ತೆ ಕಣಮ್ಮ, ಅಕ್ಕಿ ಹಾಕೋಕೆ. ನಿನ್ನ ಹೆಸರು ಹೇಳು” ಎಂದರು. ತರಗತಿ ನಕ್ಕಿತು. ಅವರು ಕೆಟ್ಟವರಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುವ ತನಕ ‘ಹಾಲು, ಹಳ್ಳ, ಹಕ್ಕಿ’ ಎಂದು ಹೇಳಿಸಿದರು. ಒಂದು ವರ್ಷ ಬೇಕಾಯಿತು. ಈಗಲೂ ಹಕಾರದ ಪದ ಬಂದಾಗ ನನ್ನ ಬಲಗೈ ತಾನಾಗಿ ಅರ್ಧ ಮೇಲೆ ಬರುತ್ತದೆ. ಜನ ನಾನು ಆಕಳಿಸುತ್ತೇನೆ ಎಂದುಕೊಳ್ಳುತ್ತಾರೆ.

ಹುಡುಕುವ ವಿದ್ಯೆಯನ್ನು ಕಲಿಸಿದವರೂ ಅವರೇ. “ಪ್ರಶ್ನೆ ನಿನ್ನದು, ಉತ್ತರ ಇನ್ನೊಬ್ಬರದು. ಹುಡುಕುವಾಗ ನಿನ್ನ ಮಾತು ಬಿಟ್ಟುಬಿಡು. ಉತ್ತರ ಬರೆದಿಟ್ಟವನ ಬಾಯಲ್ಲಿ ಯಾವ ಮಾತಿರುತ್ತೆ ಅಂತ ಯೋಚಿಸು, ಆ ಮಾತನ್ನ ಹಾಕು” ಎನ್ನುತ್ತಿದ್ದರು. ಹಲ್ಲು ನೋಯುವವನು ‘ಹಲ್ಲು ಯಾಕೆ ನೋಯುತ್ತೆ’ ಎಂದು ಕೇಳುತ್ತಾನೆ, ಆದರೆ ವೈದ್ಯರು ಬರೆದಿರುವುದು ‘ದಂತಕ್ಷಯ’ ಎಂದು. ನಾನು ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಅಡಿಗೆರೆ ಎಳೆದು ಬರೆದುಕೊಂಡೆ. ಉತ್ತರ ಬರೆಯುವವರೆಲ್ಲ ಓದಿದವರು, ಆದ್ದರಿಂದ ಓದಿದವರ ಪದ ಹಾಕಬೇಕು ಎಂದು ಅರ್ಥ ಮಾಡಿಕೊಂಡೆ. ನನ್ನ ಕಿಟಕಿಗೆ ಬಂದವರು ಯಾವ ಪದ ಹೇಳಿದರೂ ತಿದ್ದಿ, ಅಚ್ಚುಕಟ್ಟು ಮಾಡಿ ಹಾಕುತ್ತಿದ್ದೆ. ನಮ್ಮ ಸೂಪರಿಂಟೆಂಡೆಂಟ್ ಷಡಕ್ಷರಯ್ಯನವರಿಗೂ ಅದೇ ಬೇಕಿತ್ತು. ‘ಶುದ್ಧ ಪದಗಳನ್ನು ಮಾತ್ರ ಬಳಸತಕ್ಕದ್ದು’ ಎಂದು ಅವರೇ ಬರೆಸಿ ಗೋಡೆಗೆ ಹೊಡೆಸಿದ ಫಲಕ ನನ್ನ ತಲೆಯ ಮೇಲೆಯೇ ಇತ್ತು.

ಮಂಡಕ್ಕಿ ಬಟ್ಟಿಯ ಹೊನ್ನವ್ವ ನನ್ನ ಕಿಟಕಿಗೆ ಮೊದಲ ಸಲ ಬಂದಾಗ ಮಾವಿನಕಾಯಿ ಕಾಲ. ಐವತ್ತೆಂಟು ವರ್ಷದ ಗಟ್ಟಿ ಹೆಂಗಸು, ಬಿಸಿ ಮರಳಿನ ಮುಂದೆ ಕುಳಿತು ಮುಂಗೈ ಕೂದಲೆಲ್ಲ ಸುಟ್ಟುಹೋಗಿತ್ತು. ಹುಡುಕುಮನೆ ಓದಿದವರ ಜಾಗ ಎಂದು ಅಷ್ಟು ವರ್ಷ ಒಳಗೆ ಕಾಲಿಟ್ಟಿರಲಿಲ್ಲವಂತೆ. ಅವಳ ಪ್ರಶ್ನೆ ಇಷ್ಟೇ. ಅಪ್ಪ ಅಮ್ಮ ಟಾರು ರಸ್ತೆಯ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದರು. ರಸ್ತೆ ಮುಂದೆ ಹೋದಂತೆ ಗ್ಯಾಂಗೂ ಮುಂದೆ ಹೋಗುತ್ತಿತ್ತು. ನಮ್ಮೂರಿನ ಹತ್ತಿರ ಬಂದಾಗ ಹತ್ತು ವರ್ಷದ ಹೊನ್ನವ್ವನಿಗೆ ಮೈಮೇಲೆ ಅಮ್ಮ ಎದ್ದಿತು. ಗುಳ್ಳೆ ಒಣಗುವ ತನಕ ಇರಲಿ ಎಂದು ಮಂಡಕ್ಕಿ ಬಟ್ಟಿಯ ಮುದುಕಿಯ ಹತ್ತಿರ ಬಿಟ್ಟು ಹೋದರು. ರಸ್ತೆ ಸುತ್ತಿಕೊಂಡು ಇದೇ ಊರಿನ ಆ ತುದಿಗೆ ಬರುತ್ತದೆ, ಆಗ ಕರೆದುಕೊಂಡು ಹೋಗುತ್ತೇವೆ ಎಂದಿದ್ದರು. ಆಮೇಲೆ ಮೇಲಿನವರು ನಕ್ಷೆ ಬದಲಾಯಿಸಿದರು. ರಸ್ತೆ ಬೇರೆ ಕಡೆ ತಿರುಗಿತು. ಅಪ್ಪ ಅಮ್ಮ ಈಗ ಇರಲಿಕ್ಕಿಲ್ಲ, ಅದು ಅವಳಿಗೂ ಗೊತ್ತು. ಅವಳಿಗೆ ಬೇಕಾಗಿದ್ದು ತಮ್ಮ ಹಾಲಪ್ಪ. ಬಿಟ್ಟು ಹೋದಾಗ ಅವನಿಗೆ ಆರು ವರ್ಷ.

“ಅವ್ನು ಎಲ್ಲವ್ನೆ ಅಂತ ಉಡುಕವ್ವ” ಎಂದಳು. “ನಂಗೆ ಅಂತ ಇರೋನು ಅವ್ನೊಬ್ನೇ.”

ನಾನು ‘ಹೊನ್ನವ್ವ ಹಾಲಪ್ಪ ಸಹೋದರ ಸಹೋದರಿ ಬಾಲ್ಯದಲ್ಲಿ ಬೇರ್ಪಟ್ಟ ರಸ್ತೆ ಕಾರ್ಮಿಕರು’ ಎಂದು ಎಂಟು ಪದಗಳನ್ನು ಜೋಡಿಸಿದೆ. ನೋಡಲು ಅಂದವಾಗಿತ್ತು. ನಲವತ್ತು ಸಾವಿರ ಪುಟ ಬಂದವು. ಮೊದಲನೆಯದೇ ಹಾಲು ಹಾಕಿ ಅಪ್ಪ ಕರಿಯುವ ವಿಧಾನ. ಆಮೇಲಿನವು ಕಾರ್ಮಿಕರ ಸಂಘಗಳ ಮನವಿಪತ್ರಗಳು. ಸಾಯಂಕಾಲದ ತನಕ ತಿರುವಿ ಹಾಕಿದರೂ ಸಿಗಲಿಲ್ಲ.

ಎರಡನೆಯ ಸರದಿಗೆ ನಾನು ಇಡೀ ಒಂದು ವಾರ ತಯಾರಿ ಮಾಡಿಕೊಂಡೆ. ಪದದ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕುವುದಕ್ಕೆ ನಮ್ಮಲ್ಲಿ ಕೊಕ್ಕೆ ಎನ್ನುತ್ತಾರೆ. ಕೊಕ್ಕೆಯೊಳಗಿನ ಪದ ಅಕ್ಷರ ಬದಲಾಗದೆ ಇದ್ದ ಹಾಗೆಯೇ ಸಿಗಬೇಕು. ಬೇಡವಾದ ಪದದ ಮುಂದೆ ಕಳೆಯುವ ಗೆರೆ ಹಾಕಿದರೆ ಆ ಪದವಿರುವ ಪುಟಗಳು ದೂರ ಹೋಗುತ್ತವೆ. ಎರಡೂ ಹೆಸರುಗಳಿಗೆ ಕೊಕ್ಕೆ ಹಾಕಿದೆ. ‘ಹಾಲು’, ‘ಸಂಘ’ ಎರಡನ್ನೂ ಕಳೆದೆ. ‘ಭಟ್ಟಿ’ ಎಂದು ಮಹಾಪ್ರಾಣ ಸರಿಯಾಗಿ ಕೊಟ್ಟು ಸೇರಿಸಿದೆ. ಈ ಸಲ ಬಂದದ್ದು ಹನ್ನೊಂದೇ ಪುಟ. ಅವುಗಳಲ್ಲಿ ಒಬ್ಬ ಹೊನ್ನವ್ವ ಎಮ್ಮೆ ಸಾಕಿ ಬಹುಮಾನ ಪಡೆದಿದ್ದಳು. ಒಬ್ಬ ಹಾಲಪ್ಪ ಶಾಲೆಗೆ ಗಡಿಯಾರ ದಾನ ಕೊಟ್ಟಿದ್ದ. ಇವರಾರೂ ಅವರಲ್ಲ.

“ಇರ್ಲಿ ಬಿಡವ್ವ, ಇನ್ನೊಂದು ಸರ್ತಿ ಐತಲ್ಲ” ಎಂದು ಅವಳೇ ನನಗೆ ಸಮಾಧಾನ ಹೇಳಿ, ಸೆರಗಿನಿಂದ ಒಂದು ಹಿಡಿ ಮಂಡಕ್ಕಿಯನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಅದನ್ನು ನಾನು ಕಾಗದದಲ್ಲಿ ಕಟ್ಟಿ ಮೇಜಿನ ಖಾನೆಯೊಳಗಿಟ್ಟೆ.

ಮೂರನೆಯ ಸರದಿಯ ದಿನ ಬೆಳಿಗ್ಗೆ ಹತ್ತಕ್ಕೇ ಹೊನ್ನವ್ವ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. ಅವಳ ಹಿಂದೆ ಬಳೆಗಾರ ಸಣ್ಣೀರಪ್ಪ, ಅವನ ಹಿಂದೆ ಇಪ್ಪತ್ತು ಮೂವತ್ತು ಜನ. ನನ್ನ ಮೇಜಿನ ಮೇಲೆ ಷಡಕ್ಷರಯ್ಯನವರು ಮೊಹರನ್ನೂ ಶಾಯಿಯ ಡಬ್ಬಿಯನ್ನೂ ಮುಂಚೆಯೇ ತಂದಿಟ್ಟಿದ್ದರು. ಮೂರನೆಯ ಸರದಿಗೆ ಅದು ಪದ್ಧತಿ. ನಾನು ಹಲಗೆ ನೋಡಿದೆ. ‘ಅಕ್ಕ’ ಮುಗಿದಿತ್ತು. ‘ತಮ್ಮ’ ಮುಗಿದಿತ್ತು. ‘ರಸ್ತೆ’ ಮುಗಿದಿತ್ತು. ಅವುಗಳ ಕೆಳಗೆ, ಸೀಮೆಸುಣ್ಣ ಇನ್ನೂ ಹೊಸದಾಗಿ, ‘ಹೊನ್ನವ್ವ’.

“‘ಹೊನ್ನವ್ವ’ ಯಾರು ಹಾಕಿಸಿದ್ದು?” ಎಂದು ಒಂದನೆಯ ಕಿಟಕಿಯವರನ್ನು ಕೇಳಿದೆ.

“ಕೋಟೆ ಓಣಿಯ ಹೊನ್ನವ್ವ. ತನ್ನ ಹೆಸರಿನ ಅರ್ಥ ಏನು ಅಂತ ನೋಡಿಸ್ಕೊಂಡು ಹೋದ್ಲು.”

“ಏನಂತೆ ಅರ್ಥ?” ಎಂದ ಸಣ್ಣೀರಪ್ಪ.

“ಚಿನ್ನ ಅಂತೆ.”

“ಅದನ್ನ ನಾನೇ ಏಳ್ತಿದ್ನಲ್ಲ. ಅದಕ್ಕೊಂದು ಪದ ತಿನ್ನಬೇಕಿತ್ತಾ?”

ಸರದಿಯನ್ನು ಮುಂದೂಡಲು ಬರುವುದಿಲ್ಲ. ‘ಹೊನ್ನವ್ವನ’ ಇತ್ತು, ‘ಹೊನ್ನವ್ವನನ್ನು’ ಇತ್ತು. ಆದರೆ ಕೊಕ್ಕೆ ಹಾಕಿದರೆ ಆ ಪ್ರತ್ಯಯವಿರುವ ಪುಟ ಮಾತ್ರ ಸಿಗುತ್ತದೆ, ಕೊಕ್ಕೆ ಹಾಕದಿದ್ದರೆ ಮತ್ತೆ ನಲವತ್ತು ಸಾವಿರ. ತಮ್ಮ ಎಲ್ಲಾದರೂ ಇವಳ ಬಗ್ಗೆ ಒಂದು ಸಾಲು ಬರೆದಿದ್ದರೆ ಯಾವ ಪ್ರತ್ಯಯ ಹಾಕಿರುತ್ತಾನೆ? ಅಲ್ಲಿಂದ ನನಗೆ ಇನ್ನೊಂದು ಯೋಚನೆ ಬಂತು. ಅವನು ಹೊನ್ನವ್ವ ಎಂದಾದರೂ ಯಾಕೆ ಬರೆಯುತ್ತಾನೆ? ಅವನಿಗೆ ಅವಳು ಅಕ್ಕ.

“ನಿನ್ನ ತಮ್ಮ ನಿನ್ನನ್ನ ಏನಂತ ಕರೀತಿದ್ದ?” ಎಂದು ಕೇಳಿದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು ಎಂದು ಕೇಳುವಾಗಲೇ ನಾಚಿಕೆಯಾಯಿತು.

“ಕರೆಯೋದೇನು, ಎಲ್ರಂಗೆ. ವನ್ನಕ್ಕ ಅಂತಿದ್ದ.”

ನಾನು ಚೀಟಿಯ ಮೇಲೆ ಬರೆದುಕೊಂಡೆ.

“ಏನು ಬರ್ದೆ, ಓದಿ ಏಳು” ಎಂದಳು. ಎರಡು ಸಲ ಏಮಾರಿದ್ದರಿಂದ ಈ ಸಲ ಪ್ರತಿಯೊಂದನ್ನೂ ಖಾತ್ರಿ ಮಾಡಿಕೊಳ್ಳಲು ನಿಶ್ಚಯಿಸಿದ್ದಳು.

“ಹೊನ್ನಕ್ಕ” ಎಂದು ಓದಿದೆ. ಬಲಗೈ ಅರ್ಧ ಮೇಲೆ ಬಂತು.

ಅವಳು ತಲೆಯಾಡಿಸಿದಳು. “ಅಲ್ಲ. ಅಂಗೆ ಯಾರೂ ನನ್ನ ಕರೆದಿಲ್ಲ. ಅದ್ಯಾರೋ ದೊಡ್ಮನೆ ಎಂಗ್ಸಿನ ಎಸರು.” ಕೋಪವಿಲ್ಲದೆ ಕೇಳಿದಳು: “ಎಲ್ಡು ಸರ್ತಿ ನೀನು ಉಡುಕಿದ್ದೂ ಅವ್ಳನ್ನೇ ಏನವ್ವ?”

ಹೌದು, ಅವಳನ್ನೇ ಹುಡುಕಿದ್ದೆ. ಈ ಹೆಂಗಸು ಬಾಯಿಬಿಟ್ಟು ಹೇಳಿದ ಒಂದು ಪದವನ್ನೂ ನಾನು ಪೆಟ್ಟಿಗೆಗೆ ಹಾಕಿರಲಿಲ್ಲ. ಅವಳು ‘ಆಲಪ್ಪ’ ಎಂದಿದ್ದಳು, ನಾನು ಹಾಲಪ್ಪನನ್ನು ಹುಡುಕಿ ಅಪ್ಪ ಕರಿಯುವುದನ್ನು ಓದಿದ್ದೆ. ಅವಳು ‘ಟಾರು ಗ್ಯಾಂಗು’ ಎಂದಿದ್ದಳು, ನಾನು ‘ರಸ್ತೆ ಕಾರ್ಮಿಕರು’ ಎಂದು ಮಾಡಿದ್ದೆ. ‘ಬಟ್ಟಿ’ಯನ್ನು ಭಟ್ಟಿ ಮಾಡಿದ್ದೆ. ಕೊಕ್ಕೆ ಬೇರೆ ಹಾಕಿ, ಒಂದಕ್ಷರ ಬದಲಾದರೂ ಬೇಡ ಎಂದು ಬಾಗಿಲು ಮುಚ್ಚಿದ್ದೆ. ಮೇಷ್ಟ್ರು ಹೇಳಿದ್ದು ಉತ್ತರ ಬರೆದಿಟ್ಟವನ ಬಾಯಿ ಎಂದು. ಓದಿದವನ ಬಾಯಿ ಎಂದು ಅವರು ಯಾವತ್ತೂ ಹೇಳಿರಲಿಲ್ಲ. ಅದನ್ನು ಸೇರಿಸಿಕೊಂಡವಳು ನಾನು.

“ನಿನ್ನ ತಮ್ಮ ಶಾಲೆಗೆ ಹೋಗ್ತಿದ್ನಾ?” ಎಂದೆ.

“ಯಾವ ಸಾಲೆ. ಟಾರು ಕಾಯಿಸೋ ತಾವ ಯಾವ ಸಾಲೆ. ಅಕ್ಸರ ಕಲ್ತಿದ್ರೆ ದೊಡ್ಡೋನಾದ ಮ್ಯಾಲೆ ಎಲ್ಲೋ ಕೆಲ್ಸದ ತಾವ ಕಲ್ತಿರ್ತಾನೆ.”

ಹಾಗೆ ಕಲಿತವನು ಹೇಗೆ ಬರೆಯುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಪ್ಪ ಬರೆಯುತ್ತಿದ್ದ. ಮೂಟೆಗಳ ಲೆಕ್ಕದ ಚೀಟಿಯ ಹಿಂದೆ ‘ವಲಕ್ಕೆ ಓಗಿದೀನಿ’ ಎಂದು ಬರೆದಿಟ್ಟು ಹೋಗುತ್ತಿದ್ದ. ಕಾಲೇಜಿಗೆ ಸೇರಿದ ವರ್ಷ ನಾನು ಆ ಚೀಟಿಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅವನಿಗೇ ವಾಪಸು ಕೊಟ್ಟಿದ್ದೆ. ಆಮೇಲೆ ಅವನು ಬರೆಯುವುದನ್ನು ಬಿಟ್ಟ.

ನಾನು ಹೊಸ ಚೀಟಿ ತೆಗೆದುಕೊಂಡೆ. ಆರು ವರ್ಷದ ಹುಡುಗನ ನೆನಪಿನಲ್ಲಿ ಏನೇನು ಉಳಿದಿರಬಹುದು? ಅಕ್ಕನ ಹೆಸರು. ಟಾರು. ಅಕ್ಕನನ್ನು ಬಿಟ್ಟು ಬಂದ ಜಾಗ. ‘ವನ್ನಕ್ಕ’ ಎಂದು ಬರೆದೆ. ‘ಮಂಡಕ್ಕಿ ಬಟ್ಟಿ’ ಎಂದು ಬರೆದೆ. ‘ಟಾರು’, ‘ಆಲಪ್ಪ’. ಅಷ್ಟಕ್ಕೇ ನಿಲ್ಲಿಸಿದೆ. ಐದೇ ಪದ. ಎಂಟು ಹಿಡಿಸುತ್ತದೆಂದು ಎಂಟನ್ನೂ ತುರುಕಬೇಕೆಂದಿಲ್ಲ. ಒಂದೊಂದು ಪದ ಹೆಚ್ಚಾದಂತೆ ಬಾಗಿಲು ಒಂದೊಂದು ಗೇಣು ಸಣ್ಣದಾಗುತ್ತದೆ. ಹಲಗೆಯ ಕಡೆ ನೋಡಿದೆ. ‘ಮಂಡಕ್ಕಿ’ ಅದೃಷ್ಟಕ್ಕೆ ಉಳಿದಿತ್ತು. ‘ವನ್ನಕ್ಕ’ನನ್ನು ನೋಡುವ ಅಗತ್ಯವೇ ಇರಲಿಲ್ಲ. ಹುಡುಕುಮನೆ ಶುರುವಾದಂದಿನಿಂದ ಆ ಪದವನ್ನು ಯಾರೂ ಖರ್ಚು ಮಾಡಿರಲಿಲ್ಲ.

ಬೆರಳು ಕೀಲಿಯ ಮೇಲಿದ್ದಾಗ ಹಿಂದಿನಿಂದ ಷಡಕ್ಷರಯ್ಯನವರ ದನಿ ಕೇಳಿತು. “ಏನಮ್ಮ ಕೊಟ್ರಮ್ಮ, ‘ವ’ ಹಾಕ್ತಿದೀಯಲ್ಲ. ಸಂಜೆ ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ?”

ಸಾಲಿನಲ್ಲಿ ಯಾರೋ ನಕ್ಕರು. ಮೊದಲ ದಿನದ ತರಗತಿಯಲ್ಲಿ ನಿಂತಂತೆಯೇ ಆಯಿತು.

“ಇದನ್ನ ಮನೇಲಿ ಕಲಿತಿದ್ದು ಸಾರ್” ಎಂದೆ.

“ಫಲಕ ನೋಡಿದೀಯ ತಾನೆ?”

“ದಿನಾ ನೋಡ್ತೀನಿ ಸಾರ್. ಇವರ ತಮ್ಮ ನೋಡಿರೋದಿಲ್ಲ.” ಮೊಹರನ್ನು ಮೇಜಿನ ಅಂಚಿಗೆ ಸರಿಸಿದೆ. “ಇದು ಇವರ ಕೊನೇ ಸರದಿ. ಎರಡು ಸಲ ಶುದ್ಧವಾಗೇ ಹಾಕಿ ಕೆಡಿಸಿದೀನಿ. ಈ ಸಲ ತಪ್ಪಾದ್ರೆ ನನ್ನ ಹೆಸರಿಗೆ ಬರ್ಕೊಳ್ಳಿ.”

ಷಡಕ್ಷರಯ್ಯನವರು ಕನ್ನಡಕ ತೆಗೆದು ಒರೆಸಿದರು. “ತಪ್ಪು ಪದಕ್ಕೆ ತಪ್ಪು ಉತ್ತರ ಬರುತ್ತೆ ಕಣಮ್ಮ” ಎಂದರು, ನನಗಿಂತ ಹೆಚ್ಚಾಗಿ ಸಾಲಿನವರಿಗೆ ಕೇಳುವಂತೆ.

“ನಮ್ಮವ್ವ ಇಟ್ಟ ಎಸರು ತಪ್ಪೇನ್ರೀ ಯಜಮಾನ್ರೆ?” ಎಂದಳು ಹೊನ್ನವ್ವ. ಅದು ಜಗಳವಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ನಾನು ‘ವನ್ನಕ್ಕ’ನಿಗೆ ಕೊಕ್ಕೆ ಹಾ​ಕಿದೆ. ‘ಮಂಡಕ್ಕಿ ಬಟ್ಟಿ’ ಎರಡನ್ನೂ ಸೇರಿಸಿ ಒಂದೇ ಕೊಕ್ಕೆ ಹಾಕಿದೆ. ಟಾರು. ಆಲಪ್ಪ. ಒತ್ತಿದೆ.

ಬಂದದ್ದು ಒಂದೇ ಪುಟ.

ಒಂದೇ ಬಂದಾಗ ನನಗೆ ಯಾವಾಗಲೂ ಭಯ. ನಲವತ್ತು ಸಾವಿರ ಬಂದರೆ ಅವುಗಳಲ್ಲಿ ಎಲ್ಲೋ ಇರಬಹುದು ಎಂಬ ಆಸೆಯಾದರೂ ಇರುತ್ತದೆ. ತೆರೆದೆ. ರೋಡ್ ರೋಲರ್ ಓಡಿಸುವ ಚಾಲಕರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವ ಜಾಗ ಅದು. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾವ ಕಡೆ ಕೆಲಸ ನಡೆಯುತ್ತಿದೆ ಎಂಬುದರ ನಡುವೆ ಒಂದು ಹಳದಿ ರೋಲರಿನ ಚಿತ್ರ. ಅದರ ಚಕ್ರಕ್ಕೆ ಒರಗಿ ನಿಂತ ನರೆತ ಮೀಸೆಯ ಒಬ್ಬ ಮನುಷ್ಯ. ಕೆಳಗೆ ನಾಲ್ಕು ಸಾಲು. ನಾನು ಒಂದಕ್ಷರವನ್ನೂ ತಿದ್ದದೆ, ಬರೆದದ್ದನ್ನು ಬರೆದಂತೆಯೇ ಗಟ್ಟಿಯಾಗಿ ಓದಿದೆ.

“‘ನಮ್ಮಕ್ಕ ಎಸರು ವನ್ನಕ್ಕ. ನಮ್ದು ಟಾರು ಗ್ಯಾಂಗು. ಅಕ್ಕಂಗೆ ಅಮ್ಮ ಎದ್ದು ಮಂಡಕ್ಕಿ ಬಟ್ಟಿ ಅಜ್ಜಿ ತಾವ ಬಿಟ್ಟು ಬಂದ್ವಿ. ನಂಗೆ ಆಗ ಆರು ವರ್ಸ. ಆ ಊರ ಎಸರು ಗೊತ್ತಿಲ್ಲ. ಯಾರಿಗಾನ ಗೊತ್ತಿದ್ರೆ ಏಳ್ರಿ. ಇಂತಿ ಆಲಪ್ಪ.’”

ಹೊನ್ನವ್ವ ಕಿಟಕಿಯ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಇನ್ನೊಂದ್ಸರ್ತಿ ಓದು” ಎಂದಳು.

ಓದಿದೆ. ಅದರ ಕೆಳಗೆ ಅದೇ ನಾಲ್ಕು ಸಾಲು ಮತ್ತೆ ಇತ್ತು, ಹಿಂದಿನ ವರ್ಷದ ತಾರೀಖಿನದು. ಅದರ ಕೆಳಗೆ ಅದರ ಹಿಂದಿನ ವರ್ಷದ್ದು. ಹನ್ನೊಂದು ವರ್ಷ, ವರ್ಷಕ್ಕೊಂದು ಸಲ, ಒಂದು ಪದವೂ ಬದಲಾಗದೆ ಅವನು ಅದನ್ನೇ ಬರೆದು ಹಾಕಿದ್ದ. ಯಾರೂ ಉತ್ತರ ಕೊಟ್ಟಿರಲಿಲ್ಲ. ಒಬ್ಬ ಮಾತ್ರ ‘ಮೊದಲು ಕನ್ನಡ ಕಲಿ’ ಎಂದು ಬರೆದಿದ್ದ. ಅದನ್ನು ನಾನು ಓದಿ ಹೇಳಲಿಲ್ಲ. ಎಲ್ಲಕ್ಕಿಂತ ಮೇಲಿನ, ಈ ವರ್ಷದ ಬರಹದಲ್ಲಿ ಹೆಸರಿನ ಕೆಳಗೆ ಒಂದು ಫೋನ್ ನಂಬರ್ ಇತ್ತು.

“ನಂಬರ್ ಹೇಳಮ್ಮ” ಎಂದರು ಷಡಕ್ಷರಯ್ಯನವರು. ತಮ್ಮದೇ ಫೋನು ಜೇಬಿನಿಂದ ತೆಗೆದು ಹಿಡಿದಿದ್ದರು. ನಾನು ಹೇಳಿದೆ. ಅವರು ಒಂದೊಂದೇ ಅಂಕಿ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಸರಳುಗಳ ಸಂದಿಯಿಂದ ಹೊನ್ನವ್ವನ ಕೈಗೆ ಕೊಟ್ಟರು.

ರಿಂಗಾಗಿ ರಿಂಗಾಗಿ ನಿಂತಿತು. ಸಾಲಿನಲ್ಲಿ ಒಬ್ಬರು ಉಸಿರುಬಿಟ್ಟರು. “ಇನ್ನೊಂದ್ಸಲ ಮಾಡ್ರಿ ಸಾಮಿ, ಕೆಲ್ಸದ ಮೇಲಿರ್ತಾನೆ” ಎಂದ ಸಣ್ಣೀರಪ್ಪ. ಷಡಕ್ಷರಯ್ಯನವರು ಸರಳುಗಳ ಸಂದಿಯಿಂದಲೇ ಕೈ ಚಾಚಿ ಮತ್ತೆ ಒತ್ತಿದರು. ಐದನೆಯ ರಿಂಗಿಗೆ ಎತ್ತಿದ. ಮೊದಲು ಯಂತ್ರದ ಸದ್ದು, ಆಮೇಲೆ ಸದ್ದಿನ ಮೇಲೆ ಕೂಗುವ ಗಂಡಸಿನ ದನಿ.

“ಯಾರ್ರೀ?”

“ನಾನು ಕಣೋ, ವನ್ನಿ.”

“ಯಾರು?”

“ವನ್ನಕ್ಕ ಕಣೋ ಆಲಿ.”

ಆ ಕಡೆ ಯಂತ್ರದ ಸದ್ದು ನಿಂತಿತು. ಆಮೇಲೆ ದನಿ ಬಂತು, ಗಟ್ಟಿಯಾಗಿ, ನಂಬದವನ ದನಿ. “ನೋಡ್ರಿ, ಇಂಗೆ ಆಟ ಆಡ್ಬಾರ್ದು. ನಮ್ಮಕ್ಕನೇ ಆದ್ರೆ ಏಳು, ನನ್ನ ಕಾಲಿಗೆ ಏನಾಗಿತ್ತು?”

“ಎಡಗಾಲು ಕಿರುಬೆಳ್ಳಿಗೆ ಬಿಸಿ ಟಾರು ಅಂಟಿತ್ತು. ನಾನೇ ಎಣ್ಣೆ ಆಕಿ ಬಿಡಿಸಿದ್ದು. ನೀನು ನನ್ನ ಕೈ ಕಚ್ಚಿದ್ದೆ.”

“ನಾನೆಲ್ಲಿ ಕಚ್ಚಿದ್ದೆ?”

“ಕಚ್ಚಿದ್ದೆ ಕಣೋ. ಗುರ್ತು ಇನ್ನೂ ಐತೆ, ಬಂದು ನೋಡು ಬೇಕಾದ್ರೆ.”

“ಕಚ್ಚಿರ್ಲಿಲ್ಲ ಕಣಕ್ಕ” ಎಂದ ಅವನು, ಮತ್ತು ಅಷ್ಟರಲ್ಲಿ ಅವನ ದನಿ ಒಡೆದುಹೋಯಿತು. ಹೊನ್ನವ್ವ ಅಳಲಿಲ್ಲ. ಸುಟ್ಟ ಮುಂಗೈಯಿಂದ ಮೂಗು ಒರೆಸಿಕೊಂಡು, ಮುಖವೆಲ್ಲ ಅರಳಿಸಿಕೊಂಡು, ಸಾಲಿನ ಕಡೆ ತಿರುಗಿ, “ಕಚ್ಚಿದ್ದ” ಎಂದಳು. ಎಲ್ಲರೂ ತಲೆಯಾಡಿಸಿದರು. ಷಡಕ್ಷರಯ್ಯನವರು ನನ್ನ ಮೇಜಿನಿಂದ ಮೊಹರನ್ನು ಎತ್ತಿಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಕೊನೆಗೆ ಕೋಟಿನ ಜೇಬಿಗೆ ಹಾಕಿಕೊಂಡರು.

“ಯಾವೂರಾಗಿದೀಯಕ್ಕ? ಈಗ್ಲೇ ವಂಡ್ತೀನಿ” ಎಂದ ಆಲಪ್ಪ.

ಹೊನ್ನವ್ವ ಊರಿನ ಹೆಸರು ಹೇಳಿದಳು.

“ಏನು?” ಎಂದ. ಅಲ್ಲಿ ಇನ್ನೊಂದು ಯಂತ್ರ ಶುರುವಾಗಿತ್ತು. “ಕೇಳಿಸ್ತಿಲ್ಲ. ಬಂದ್ ಮಾಡ್ರೋ ಅದನ್ನ. ಅಕ್ಕ, ಊರ ಎಸರು ಏನು?”

ಅವಳು ಮತ್ತೆ ಹೇಳಿದಳು. ಈ ಸಲ ಅವಳ ದನಿಯೂ ಕೈಕೊಟ್ಟಿತು, ಗಂಟಲಿನಿಂದ ಅರ್ಧ ಹೆಸರು ಮಾತ್ರ ಹೊರಬಂತು. ಆಗ ಸಣ್ಣೀರಪ್ಪ ಬಳೆಗಳ ಗಂಟನ್ನು ಕೆಳಗಿಟ್ಟು, ಬೀದಿಯಲ್ಲಿ ಬಳೆ ಕೂಗುವ ದನಿಯಲ್ಲಿ ಊರಿನ ಹೆಸರನ್ನು ಕೂಗಿದ. ಅವನ ಹಿಂದಿನವರು ಕೂಗಿದರು. ಮಗುವನ್ನು ಎತ್ತಿಕೊಂಡಿದ್ದವಳು ಕೂಗಿದಳು. ನಾಲ್ಕೂ ಕಿಟಕಿಯವರು ಎದ್ದು ನಿಂತು ಕೂಗಿದರು. ಷಡಕ್ಷರಯ್ಯನವರು ಊರಿನ ಹೆಸರಿನಲ್ಲಿದ್ದ ಹಕಾರಕ್ಕೆ ಪೂರ್ತಿ ಉಸಿರು ಕೊಟ್ಟು, ಮಿಕ್ಕವರು ಅದನ್ನು ಬಿಟ್ಟು, ಒಬ್ಬೊಬ್ಬರೂ ತಮ್ಮತಮ್ಮ ಮನೆಯಲ್ಲಿ ಹೇಳುವಂತೆ. ನಾನೂ ಕೂಗಿದೆ. ನನ್ನ ಬಲಗೈ ಮೇಲೆ ಬರಲಿಲ್ಲ, ಮೇಜಿನ ಮೇಲೆಯೇ ಇತ್ತು.

ಸದ್ದು ಅಡಗಿದ ಮೇಲೆ ಫೋನಿನಲ್ಲಿ ಆಲಪ್ಪ ನಮ್ಮೂರಿನ ಹೆಸರನ್ನು ನಿಧಾನವಾಗಿ, ಮೊದಲ ಸಲ ಬಾಯಿಗೆ ಹಾಕಿಕೊಂಡವನಂತೆ ಹೇಳಿನೋಡಿದ. ಹೇಳಿ, “ಸರೀನಾ?” ಎಂದು ಕೇಳಿದ.

“ಸರಿ ಐತೆ, ಬಾ” ಎಂದಳು ಹೊನ್ನವ್ವ.